ಸೋಲಾರ್ ಪವರ್ ಬ್ಯಾಂಕ್ ತಗೊಳ್ಳಲಾ ಸಾರ್?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕೊಡಗಿನ ಕಡೆ ಒಮ್ಮೊಮ್ಮೆ ಮೂರು-ನಾಲ್ಕು ದಿನ ಕರೆಂಟ್ ಇರಲ್ಲ. ಬೆನ್ನಿಗೆ ಸೋಲಾರ್ ಪ್ಯಾನೆಲ್ ಇರುವ 20,000 ಎಂಎಎಚ್ ಪವರ್ ಬ್ಯಾಂಕ್ ತಗೊಳ್ಳೋಣ ಅಂತಿದ್ದೇನೆ. ಬಿಸಿಲಿಗೆ ಇಟ್ಟರೆ ತಾನೇ ತುಂಬಿಕೊಳ್ಳುತ್ತಂತೆ. ಯಾವುದು ಒಳ್ಳೇದು?

ಉತ್ತರ: ಕಾಫಿ ಹೂವರಳಿಸುವ ಹೂಮಳೆ ಮುಗಿದು ಮುಂಗಾರು ಹತ್ತಿರ ಬಂತು ಅಂದರೆ ಸಾಕು, ಈ ಪ್ರಶ್ನೆ ಶುರು. ಈ ವರ್ಷ ಇದು ಒಂಬತ್ತನೆಯದು, ಎಣಿಸಿಟ್ಟಿದ್ದೇನೆ. ಸಂತೆಯಲ್ಲಿ ಕೇಳುತ್ತಾರೆ, ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳುತ್ತಾರೆ. ಮೊನ್ನೆ ಒಬ್ಬರು ತಿಥಿ ಮನೆಯಲ್ಲೂ ಕೇಳಿದರು. ಅದಕ್ಕೇ ಒಮ್ಮೆ ಬರೆದು ಮುಗಿಸುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ತೋರಿಸುವುದು.

ಉತ್ತರ ಚಿಕ್ಕದು. ಅಂಥದ್ದು ಯಾವುದೂ ಬೇಡ. ಸೋಲಾರ್ ಬೇಕಾದರೆ ಮಡಚುವ ಪ್ಯಾನೆಲ್ ಬೇರೆ ತಗೊಳ್ಳಿ, ಸಾದಾ ಪವರ್ ಬ್ಯಾಂಕ್ ಬೇರೆ ತಗೊಳ್ಳಿ. ಎರಡೂ ಒಂದೇ ಡಬ್ಬಿಯಲ್ಲಿ ಇರುವುದು ಬರೀ ನೋಡಲು ಚಂದ.

ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ ಅಂತ ಗೊತ್ತು. "ಇಲ್ಲ ಸಾರ್, ಬಿಸಿಲಿಗೆ ಹಿಡಿದರೆ ಹಸಿರು ದೀಪ ಉರಿಯುತ್ತೆ!" ಆ ಹಸಿರು ದೀಪವೇ ನನ್ನ ಶತ್ರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಒಂದು ಚಿಕ್ಕ ಎಲ್‌ಇಡಿ ನನ್ನನ್ನು ಇಷ್ಟು ಸೋಲಿಸುತ್ತದೆ ಅಂದುಕೊಂಡಿರಲಿಲ್ಲ. ಒಂದು ಕೆಲಸ ಮಾಡಿ. ರಾತ್ರಿ ಆ ಪವರ್ ಬ್ಯಾಂಕನ್ನು ಟ್ಯೂಬ್‌ಲೈಟಿಗೆ ಹತ್ತಿರ ಹಿಡಿಯಿರಿ. ಎಷ್ಟೋ ಮಾಡೆಲ್‌ಗಳಲ್ಲಿ ಆಗಲೂ ದೀಪ ಉರಿಯುತ್ತದೆ. ಟ್ಯೂಬ್‌ಲೈಟಿನಿಂದ ಬ್ಯಾಟರಿ ತುಂಬುತ್ತದೆ ಅಂತ ನೀವೂ ನಂಬುವುದಿಲ್ಲ, ಅಲ್ವಾ? ಪ್ಯಾನೆಲ್ ಮೇಲೆ ಬೆಳಕು ಬಿದ್ದಿದೆ ಅಂತ ಮಾತ್ರ ಆ ದೀಪ ಹೇಳುತ್ತದೆ. ಎಷ್ಟು ಕರೆಂಟ್ ಒಳಗೆ ಹೋಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ನಲ್ಲಿಯಲ್ಲಿ ಹನಿ ಕಾಣಿಸಿತು ಅಂದರೆ ತೊಟ್ಟಿ ತುಂಬಿತು ಅಂತಲ್ಲವಲ್ಲ.

ಈಗ ಲೆಕ್ಕ. ಹೆದರಬೇಡಿ, ಏಳನೇ ಕ್ಲಾಸಿನ ಗುಣಾಕಾರ. ಪವರ್ ಬ್ಯಾಂಕಿನ ಒಳಗಿರುವುದು 3.7 ವೋಲ್ಟಿನ ಲಿಥಿಯಂ ಸೆಲ್. 20,000 ಎಂಎಎಚ್ ಅಂದರೆ 20 ಆಂಪ್ ಅವರ್. ಅದನ್ನು 3.7ರಿಂದ ಗುಣಿಸಿದರೆ 74 ವ್ಯಾಟ್ ಅವರ್. ತುಂಬಬೇಕಾದ ತೊಟ್ಟಿ ಇದು. ಇನ್ನು ನಲ್ಲಿ ಎಷ್ಟು ದೊಡ್ಡದು ನೋಡಿ. ನೆತ್ತಿ ಸುಡುವ ಬಿಸಿಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 1,000 ವ್ಯಾಟ್ ಬೀಳುತ್ತದೆ. ಪವರ್ ಬ್ಯಾಂಕಿನ ಬೆನ್ನು ಹೆಚ್ಚೆಂದರೆ 15 ಸೆಂಟಿಮೀಟರ್ ಉದ್ದ, ಏಳೂವರೆ ಅಗಲ. ಅಷ್ಟು ಜಾಗಕ್ಕೆ ಬೀಳುವುದೇ 11 ವ್ಯಾಟ್. ಒಳ್ಳೆಯ ಪ್ಯಾನೆಲ್ ಅದರಲ್ಲಿ ಐದನೇ ಒಂದು ಪಾಲನ್ನು ಕರೆಂಟ್ ಮಾಡುತ್ತದೆ. ಅಂದರೆ ಎರಡು ವ್ಯಾಟ್, ಅದೂ ಉದಾರವಾಗಿ ಕೊಟ್ಟ ಲೆಕ್ಕ. ಅಂಚಿನ ಪ್ಲಾಸ್ಟಿಕ್ ಬಿಟ್ಟರೆ ಒಂದೂವರೆಯೂ ಬರುವುದಿಲ್ಲ. ಡಬ್ಬದ ಮೇಲೆ ಏನು ಬರೆದಿದ್ದರೂ ಸರಿ, ಕಂಪನಿಯವರು ಸೂರ್ಯನನ್ನು ದೊಡ್ಡದು ಮಾಡಲು ಆಗುವುದಿಲ್ಲ.

ಎರಡು ವ್ಯಾಟನ್ನೇ ಹಿಡಿಯೋಣ. ಜನವರಿಯ ಒಳ್ಳೇ ಬಿಸಿಲು ದಿನಕ್ಕೆ ಐದು ಗಂಟೆ ಸಿಕ್ಕಿದರೆ ಹತ್ತು ವ್ಯಾಟ್ ಅವರ್. ದಾರಿಯಲ್ಲಿ ಕಾಲು ಭಾಗ ಸೋರಿಹೋಗುತ್ತದೆ. ಉಳಿದದ್ದು ಏಳೂವರೆ. 74 ತುಂಬಲು ಹತ್ತು ದಿನ. ಇದು ಜನವರಿಯ ಕಥೆ. ನಿಮಗೆ ಬೇಕಾದದ್ದು ಜುಲೈಯಲ್ಲಿ! ಕಪ್ಪು ಮೋಡದ ಕೆಳಗೆ ಹತ್ತರಲ್ಲಿ ಒಂದು ಪಾಲೋ ಎರಡು ಪಾಲೋ ಬೆಳಕು ಸಿಗುತ್ತದೆ. ಜುಲೈ ನಡುವಿಗೆ ಶುರುವಾಗುವ ಕಕ್ಕಡ ತಿಂಗಳ ಮೊದಲ ದಿನ ಅಂಗಳದಲ್ಲಿಟ್ಟರೆ ಕೈಲ್‌ಪೋದ್ ಹಬ್ಬದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರಕ್ಕೆ, ತುಂಬಿದರೆ ಪುಣ್ಯ. ಇಲ್ಲದಿದ್ದರೆ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ.

ನಮ್ಮ ಭಾವ ಮೈಸೂರಿನಿಂದ ಇಂಥದ್ದೇ ಒಂದು ತಂದರು. ವಾದ ಜೋರಾಯಿತು. ಕೊನೆಗೆ ಪೂರ್ತಿ ಖಾಲಿ ಮಾಡಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕಾಫಿ ಕಣದಲ್ಲಿ ಇಟ್ಟೆವು. ಮೋಡದ ಚೂರೂ ಇರಲಿಲ್ಲ. ಸಂಜೆ ಭಾವನ ಫೋನಿಗೆ ಹಾಕಿದರೆ ಶೇ. 22ರಷ್ಟು ಏರಿತು, ನಿಂತಿತು. ಭಾವ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಆದರೆ ಎರಡು ಲೋಟ ಕಾಫಿ ಕುಡಿದೆ.

ಕಾಫಿ ಬೆಳೆಯುವವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಹತ್ತು ಚೀಲ ಹಣ್ಣನ್ನು ಯಾರಾದರೂ ಮೊರದಲ್ಲಿ ಒಣಗಿಸುತ್ತಾರಾ? ಅದಕ್ಕೆ ಕಣ ಬೇಕು. ಬಿಸಿಲು ಹಿಡಿಯಲು ಜಾಗ ಬೇಕು, ಅಷ್ಟೇ ವಿಷಯ. ಅಂಗಡಿಯಲ್ಲಿ ನೆನಪಿಡಲು ಒಂದು ಅಳತೆ ಹೇಳುತ್ತೇನೆ: ಒಂದು ಎ4 ಹಾಳೆಯಷ್ಟು ಕಪ್ಪು ಸೆಲ್ ಇದ್ದರೆ ಹೆಚ್ಚೆಂದರೆ 13 ವ್ಯಾಟ್. ಅಂಗೈಯಗಲದ ಪ್ಯಾನೆಲ್ ತೋರಿಸಿ 10 ವ್ಯಾಟ್ ಅಂದರೆ ನಮಸ್ಕಾರ ಹೇಳಿ ಹೊರಡಿ.

ಬಿಸಿಯ ವಿಷಯ ಬೇರೆ ಇದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಬಿಸಿಲಲ್ಲಿ ಬಿದ್ದಿರುವ ಕಪ್ಪು ಡಬ್ಬಿ ಅದಕ್ಕಿಂತ ಜಾಸ್ತಿ ಕಾಯುತ್ತದೆ, ಮುಟ್ಟಿ ನೋಡಿ. ಪ್ಯಾನೆಲ್‌ಗೆ ಬಿಸಿಲು ಬೇಕು, ಬ್ಯಾಟರಿಗೆ ನೆರಳು ಬೇಕು. ಎರಡನ್ನೂ ಅಂಟಿಸಿ ಮಾರುವವರು ಇದನ್ನು ಹೇಳುವುದಿಲ್ಲ. ಹಾಗೆ ಬೇಯಿಸಿದ ಬ್ಯಾಟರಿ ಬೇಗ ಸಾಯುತ್ತದೆ. ಕೆಲವು ಊದಿಕೊಳ್ಳುತ್ತವೆ. ಊದಿದ್ದನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ, ಚುಚ್ಚಲೂ ಹೋಗಬೇಡಿ.

ಹಾಗಾದರೆ ಏನು ತಗೊಳ್ಳುವುದು? 20 ವ್ಯಾಟಿನ ಆಸುಪಾಸಿನ, ಬಟ್ಟೆಯ ಚೀಲದ ಹಾಗೆ ಮಡಚುವ ಪ್ಯಾನೆಲ್. ನೇರವಾಗಿ ಯುಎಸ್‌ಬಿ ಕೊಡುವಂಥದ್ದು. 20 ಅಂದರೂ ಕೈಗೆ ಸಿಗುವುದು 12, 14. ಆದರೂ ಒಂದೂವರೆ-ಎರಡು ದಿನದ ಒಳ್ಳೇ ಬಿಸಿಲಿಗೆ ನಿಮ್ಮ 20,000 ತುಂಬುತ್ತದೆ. ಪವರ್ ಬ್ಯಾಂಕ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇರಲಿ. ಅದು ಫೋನನ್ನು ನಾಲ್ಕು ಸಲ ತುಂಬುತ್ತದೆ ಅಂತ ಲೆಕ್ಕ ಹಾಕಬೇಡಿ, 5,000 ಎಂಎಎಚ್ ಫೋನಾದರೆ ಎರಡೂವರೆಯಿಂದ ಮೂರು ಸಲ.

ಪ್ಯಾನೆಲ್‌ನಿಂದ ಬ್ಯಾಂಕಿಗೆ ತುಂಬಿ, ಬ್ಯಾಂಕಿನಿಂದ ಫೋನಿಗೆ. ನೇರ ಫೋನಿಗೆ ಬೇಡ. ಒಂದು ಮೋಡ ಹಾದುಹೋದರೆ ಸಾಕು, ಕೆಲವು ಫೋನುಗಳು ಚಾರ್ಜ್ ನಿಲ್ಲಿಸಿ ಮತ್ತೆ ಶುರು ಮಾಡುವುದೇ ಇಲ್ಲ. ತೋಟದಲ್ಲಿ ಸಿಲ್ವರ್ ಓಕ್ ಕೆಳಗೆ ಹರಡಬೇಡಿ. ಸೆಲ್ಲುಗಳು ಸರಪಳಿಯ ಹಾಗೆ ಜೋಡಿಸಿರುತ್ತವೆ. ಒಂದರ ಮೇಲೆ ಎಲೆಯ ನೆರಳು ಬಿದ್ದರೂ ಇಡೀ ಸಾಲು ಕುಗ್ಗುತ್ತದೆ. ಪ್ಯಾನೆಲ್ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ, ಅದರ ನೆರಳು ಮಾಯವಾಗುವ ಹಾಗೆ ಪ್ಯಾನೆಲ್ ಓರೆ ಮಾಡಿ. ಆಗ ಅದು ಸೂರ್ಯನಿಗೆ ನೇರ. ಈ ಪೆನ್ಸಿಲ್ ಉಪಾಯ ಹೇಳಿಕೊಟ್ಟದ್ದಕ್ಕೆ ನನ್ನ ಹಳೇ ವಿದ್ಯಾರ್ಥಿಯೊಬ್ಬ ಒಂದು ಸೀಸೆ ಜೇನು ತಂದುಕೊಟ್ಟ.

ಆದರೆ ನಿಜ ಹೇಳಲಾ? ಇದೆಲ್ಲ ನವೆಂಬರಿನಿಂದ ಮೇವರೆಗಿನ ಮಾತು. ಗದ್ದೆ ಕಾಯುವವರಿಗೆ, ಕರೆಂಟ್ ಇಲ್ಲದ ಮೂಲೆಯ ತೋಟದಲ್ಲಿ ಕೊಯ್ಲು ಮಾಡಿಸುವವರಿಗೆ ಪ್ಯಾನೆಲ್ ಉಪಯೋಗ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಭಾಗಮಂಡಲದಲ್ಲಿ ಇನ್ನೂ ಹೆಚ್ಚು. ಕರೆಂಟ್ ಹೋಗುವುದು ಯಾಕೆ? ಗಾಳಿಮಳೆಗೆ ಮರ ಲೈನಿನ ಮೇಲೆ ಬೀಳುತ್ತದೆ. ಆ ಮಳೆ ತಂದ ಮೋಡವೇ ಸೂರ್ಯನನ್ನೂ ಮುಚ್ಚಿರುತ್ತದೆ. ಕರೆಂಟೂ ಸೂರ್ಯನೂ ನಮ್ಮಲ್ಲಿ ಒಟ್ಟಿಗೇ ರಜಾ ಹಾಕುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ದಿನಗಳನ್ನು ನೆನಪು ಮಾಡಿಕೊಳ್ಳಿ. ಎಷ್ಟು ಹೊತ್ತು ಬಿಸಿಲು ಕಂಡಿರಿ?

ಹಾಗಾಗಿ ಮಳೆಗಾಲಕ್ಕೆ ಪ್ಯಾನೆಲ್ ದುಡ್ಡಿನಲ್ಲಿ ಇನ್ನೊಂದು ಸಾದಾ ಪವರ್ ಬ್ಯಾಂಕ್ ತಗೊಳ್ಳಿ. ಕರೆಂಟ್ ಇದ್ದಾಗಲೇ ಎರಡನ್ನೂ ತುಂಬಿಡಿ. ಸಿಗ್ನಲ್ ಇಲ್ಲದಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದ ಟವರ್ ಹುಡುಕಿಯೇ ಅದು ಅರ್ಧ ಚಾರ್ಜ್ ತಿನ್ನುತ್ತದೆ. ಬೂಷ್ಟು ಹಿಡಿಯುವ ಕಪಾಟಿನಲ್ಲಿ ಕೇಬಲ್ ಇಡಬೇಡಿ, ಪಿನ್ನಿಗೆ ಕಿಲುಬು ಬರುತ್ತದೆ.

ಇಲ್ಲಿಗೆ ಬಂದಾಗ ಯಾರೂ ಕೇಳದ ಒಂದು ವಿಷಯ ತಲೆಗೆ ಬರುತ್ತದೆ. ಆನೆಗೆ ಅಂತ ಹಾಕಿದ ಸೋಲಾರ್ ಬೇಲಿ ಎಷ್ಟೊಂದು ತೋಟಗಳಲ್ಲಿ ಇದೆ. ಅಲ್ಲಿ ಪ್ಯಾನೆಲ್ಲೂ ಇದೆ, 12 ವೋಲ್ಟಿನ ಬ್ಯಾಟರಿಯೂ ಇದೆ. ಅದರಿಂದ ಫೋನ್ ಚಾರ್ಜ್ ಮಾಡಬಹುದಾ?

ಬೇಲಿ ತಂತಿಯಿಂದ ಅಲ್ಲವೇ ಅಲ್ಲ. ಅದರಲ್ಲಿ ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಪೆಟ್ಟು ಹರಿಯುತ್ತದೆ. ಆದರೆ ಬ್ಯಾಟರಿಯಿಂದ ಆಗುತ್ತದೆ. ಮೊದಲು ಎನರ್ಜೈಸರ್, ಅಂದರೆ ತಂತಿಗೆ ಆ ಪೆಟ್ಟು ಕೊಡುವ ಪೆಟ್ಟಿಗೆಯನ್ನು, ಆಫ್ ಮಾಡಿ. ಕಾರಿಗೆ ಹಾಕುವ ಯುಎಸ್‌ಬಿ ಚಾರ್ಜರನ್ನು, ಕ್ಲಿಪ್ಪಿರುವ ಸಾಕೆಟ್ ಮೂಲಕ ಬ್ಯಾಟರಿಯ ಪ್ಲಸ್ ಮೈನಸ್ಸಿಗೆ ಸರಿಯಾಗಿ ಹಾಕಿ. ಒಂದು ಫೋನಿಗೆ ಸುಮಾರು ಎರಡು ಆಂಪ್ ಅವರ್ ಹೋಗುತ್ತದೆ. ಒಂದು ಫೋನಿಗೆ ತೊಂದರೆ ಇಲ್ಲ. ಮನೆಯ ಐದು ಜನ, ತೋಟದ ಕೆಲಸಗಾರರ ಲೈನ್ ಮನೆಯ ಹತ್ತು ಜನ ದಿನಾ ಸಾಲು ನಿಂತರೆ ಜುಲೈಯ ಮಂಕು ಬೆಳಕಿನಲ್ಲಿ ಅದು ಮತ್ತೆ ತುಂಬುವುದಿಲ್ಲ. ರಾತ್ರಿ ಬೇಲಿ ಸತ್ತಿರುತ್ತದೆ. ಇದು ನಮಗೆ ಗೊತ್ತಾಗುವ ಮೊದಲು ಆನೆಗೆ ಗೊತ್ತಾಗುತ್ತದೆ.

ಅದಕ್ಕಿಂತ ಶೆಡ್ಡಿನಲ್ಲಿರುವ ಜೀಪು ವಾಸಿ. ಅದೇ ಕಾರ್ ಚಾರ್ಜರ್, ಅದೇ 12 ವೋಲ್ಟ್. ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋಗಿಬರುವಷ್ಟರಲ್ಲಿ ಪವರ್ ಬ್ಯಾಂಕಿಗೆ ಸಾಕಷ್ಟು ತುಂಬಿರುತ್ತದೆ. ದಾರಿಗೆ ಮರ ಬಿದ್ದು ಹೊರಡಲು ಆಗದಿದ್ದರೆ ಜೀಪನ್ನು ಅಂಗಳಕ್ಕೆ ತಂದು ಎಂಜಿನ್ ಓಡಿಸಿ, ಮುಚ್ಚಿದ ಶೆಡ್ಡಿನೊಳಗೆ ಬೇಡ. ಹೊಗೆ ಜೀವ ತೆಗೆಯುತ್ತದೆ.