ಅಮೆರಿಕದವರು ಅಷ್ಟೊಂದು ಆಸ್ಪತ್ರೆ ಅಲೆಯುತ್ತಾರೆಯೇ?

ಪ್ರಶ್ನೆ: ಅಮೆರಿಕದ ಆರೋಗ್ಯ ವೆಚ್ಚ ಜಿಡಿಪಿಯ ಶೇ 17 ದಾಟಿದೆ ಎಂದು ಓದಿದೆ. ಅಲ್ಲಿನವರಿಗೆ ಅಷ್ಟೊಂದು ಕಾಯಿಲೆಯೇ?

ಉತ್ತರ: ಕಾಯಿಲೆಗಳಿಗೇನೂ ಕೊರತೆಯಿಲ್ಲ, ಬೊಜ್ಜು, ಸಕ್ಕರೆ ಕಾಯಿಲೆ ಎರಡೂ ಧಾರಾಳವಾಗಿವೆ. ಆದರೆ ಲೆಕ್ಕ ಅಷ್ಟು ದೊಡ್ಡದಾಗಿರುವುದು ಅದರಿಂದಲ್ಲ. ಜಪಾನಿನವರು ವರ್ಷಕ್ಕೆ ಸರಾಸರಿ ಹತ್ತಕ್ಕೂ ಹೆಚ್ಚು ಸಲ ವೈದ್ಯರನ್ನು ಕಾಣುತ್ತಾರೆ, ಅಮೆರಿಕದವರು ಮೂರ್ನಾಲ್ಕು ಸಲ. ಹೀಗಿದ್ದೂ ಜಪಾನಿನ ವೆಚ್ಚ ಜಿಡಿಪಿಯ ಶೇ 11ರ ಆಸುಪಾಸಿನಲ್ಲಿದೆ, ಆಯಸ್ಸೂ ಅಲ್ಲೇ ಹೆಚ್ಚು.

ವ್ಯತ್ಯಾಸವಿರುವುದು ದರದಲ್ಲಿ. ಅದೇ ಸ್ಕ್ಯಾನ್, ಅದೇ ಶಸ್ತ್ರಚಿಕಿತ್ಸೆ, ಬಿಲ್ ಮಾತ್ರ ಬೇರೆ. ಜಪಾನಿನಲ್ಲಿ ಸರ್ಕಾರವೇ ಇಡೀ ದೇಶಕ್ಕೆ ಒಂದು ದರಪಟ್ಟಿ ಹೊರಡಿಸುತ್ತದೆ. ಅಮೆರಿಕದಲ್ಲಿ ಒಂದೊಂದು ವಿಮಾ ಕಂಪನಿಯೂ ಆಸ್ಪತ್ರೆಗಳೊಡನೆ ಪ್ರತ್ಯೇಕವಾಗಿ ಚೌಕಾಸಿ ಮಾಡುತ್ತದೆ. ಹಿರಿಯ ನಾಗರಿಕರ ಸರ್ಕಾರಿ ವಿಮೆ ಮೆಡಿಕೇರ್ ಕೂಡ ಔಷಧದ ಬೆಲೆಯ ಬಗ್ಗೆ ಕಂಪನಿಗಳೊಂದಿಗೆ ಮಾತಾಡಬಾರದೆಂದು 2003ರ ಕಾನೂನು ಕೈಕಟ್ಟಿ ಹಾಕಿತ್ತು! ಅದು ಸಡಿಲವಾದದ್ದು 2022ರಲ್ಲಿ. ಹಾಗೆ ಮಾತಾಡಿ ಇಳಿಸಿದ ಮೊದಲ ಹತ್ತು ಔಷಧಗಳ ಬೆಲೆ ಜಾರಿಗೆ ಬಂದದ್ದು 2026ರ ಜನವರಿಯಲ್ಲಿ.

ಔಷಧ ಕಂಪನಿಗಳಿಗೆ ಬೈಗುಳ ಹೆಚ್ಚು, ಆದರೆ ಅಂಗಡಿಯಲ್ಲಿ ಕೊಳ್ಳುವ ಔಷಧದ ಪಾಲು ಒಟ್ಟು ವೆಚ್ಚದ ಶೇ 9ರಷ್ಟೇ. ಆಸ್ಪತ್ರೆಗಳದ್ದು ಸುಮಾರು ಶೇ 31.

ಇನ್ನು ಶೇಕಡಾವಾರಿನ ಮಾತು. 1960ರಲ್ಲಿ ಜಿಡಿಪಿಯಲ್ಲಿ ಆರೋಗ್ಯ ವೆಚ್ಚದ ಪಾಲು ಶೇ 5 ಇತ್ತು. 2020ರಲ್ಲಿ ಶೇ 19.5ಕ್ಕೆ ಜಿಗಿದು, ಎರಡೇ ವರ್ಷದಲ್ಲಿ ಶೇ 17ರ ಆಸುಪಾಸಿಗೆ ಇಳಿಯಿತು. ಖರ್ಚು ಕಡಿಮೆಯಾಯಿತೆಂದು ಇದನ್ನು ಓದಿಕೊಂಡವರಿದ್ದಾರೆ. ಇಲ್ಲ, ಖರ್ಚು ಏರುತ್ತಲೇ ಇತ್ತು. ಕೋವಿಡ್ ವರ್ಷದಲ್ಲಿ ಸರ್ಕಾರ ಆರೋಗ್ಯಕ್ಕೆ ಹಣ ಸುರಿಯಿತು, ಅದೇ ಹೊತ್ತಿಗೆ ಜಿಡಿಪಿ ಕುಸಿಯಿತು. ಆಮೇಲೆ ಹಣದುಬ್ಬರವೂ ಸೇರಿ ಜಿಡಿಪಿ ಇನ್ನೂ ವೇಗವಾಗಿ ಏರಿತು. ಛೇದ ದೊಡ್ಡದಾದರೆ ಪಾಲು ಇಳಿಯಲೇಬೇಕು. ಹಾಗಾಗಿ ಒಂದು ವರ್ಷದ ಏರಿಳಿತಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. 2023ರಲ್ಲಿ ಮತ್ತೆ ಶೇ 17.6 ಆಯಿತು: 4.9 ಲಕ್ಷ ಕೋಟಿ ಡಾಲರ್, ತಲೆಗೆ 14,500 ಡಾಲರಿಗೂ ಹೆಚ್ಚು.

ಈ ಹಣ ಯಾರ ಜೇಬಿನದು? ದುಡಿಯುವ ವಯಸ್ಸಿನ ಬಹುಪಾಲು ಜನರಿಗೆ ವಿಮೆ ಬರುವುದು ಕೆಲಸ ಕೊಟ್ಟ ಕಂಪನಿಯಿಂದ. ಪ್ರೀಮಿಯಂನ ದೊಡ್ಡ ಪಾಲನ್ನು ಮಾಲೀಕರೇ ಕಟ್ಟುತ್ತಾರೆ, ನೋಡಲು ಅದು ಉಚಿತ. ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರ ಪ್ರಕಾರ ಅದು ಸಂಬಳವಾಗಿ ಕೈಗೆ ಬರಬೇಕಿದ್ದ ಹಣವೇ.