ವ್ಯಾಕ್ಯೂಮ್ ಲೀಕ್: ಒಳಕ್ಕೆ ಸೋರುವ ಗಾಳಿ

ಅಡಿಕೆ ತೋಟದ ಪಂಪಿನ ಬಳಿ ಓಡಾಡಿ ಬೆಳೆದವರಿಗೆ ಈ ಪದದ ಅರ್ಧ ಅರ್ಥ ಆಗಲೇ ಗೊತ್ತಿದೆ. ಬೇಸಿಗೆಯಲ್ಲಿ ನೀರು ಬಿಡಲು ಹೋದರೆ ಮೋಟಾರು ತಿರುಗುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ. ಕೆರೆಯಿಂದ ಪಂಪಿನವರೆಗಿನ ಪೈಪನ್ನು ಉದ್ದಕ್ಕೂ ತಡವಿದರೂ ಒಂದು ಹನಿ ಒದ್ದೆ ಸಿಗುವುದಿಲ್ಲ. ಆಗ ಮನೆಯ ಹಿರಿಯರು ‘ಪಂಪು ಗಾಳಿ ಎಳೆಯುತ್ತಿದೆ’ ಎನ್ನುತ್ತಾರೆ. ನೀರು ಹೀರುವ ಬದಿಯ ಪೈಪಿನ ಒಳಗೆ ಒತ್ತಡ ಕಡಿಮೆ, ಹೊರಗೆ ಹೆಚ್ಚು. ಅಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇದೇ ಕೆಲಸ ನಡೆದಾಗ ಅದನ್ನು ವ್ಯಾಕ್ಯೂಮ್ ಲೀಕ್ ಎಂದು ಕರೆಯುತ್ತಾರೆ.

ಹೆಸರು ಮಾತ್ರ ದಾರಿ ತಪ್ಪಿಸುತ್ತದೆ. ಲೀಕ್ ಎಂದೊಡನೆ ನಮ್ಮ ಕಣ್ಣು ಹೊರಗೆ ಬಂದದ್ದನ್ನು ಹುಡುಕುತ್ತದೆ: ಆಯಿಲ್ ಜಿನುಗಿದ ಕಲೆ, ಪೆಟ್ರೋಲಿನ ವಾಸನೆ, ನೆಲದ ಮೇಲಿನ ಹನಿ. ಇಲ್ಲಿ ಅದಾವುದೂ ಇಲ್ಲ. ‘ನಿರ್ವಾತ ಸೋರಿಕೆ’ ಎಂದು ಅನುವಾದಿಸಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ವಾತವೇ ಇಲ್ಲದ್ದು ನಿರ್ವಾತ, ಇಲ್ಲದ್ದು ಸೋರುವುದು ಹೇಗೆ? ಗ್ಯಾರೇಜುಗಳ ‘ಏರ್ ಎಳೆಯುತ್ತಿದೆ’ ಎಂಬ ಮಾತು ಇದಕ್ಕಿಂತ ಎಷ್ಟೋ ನಿಖರ. ಜರ್ಮನ್ ಮೆಕ್ಯಾನಿಕ್‌ಗಳು ಇದನ್ನು ‘ಫಾಲ್ಷ್‌ಲುಫ್ಟ್’, ಅಂದರೆ ಸುಳ್ಳು ಗಾಳಿ ಎನ್ನುತ್ತಾರೆ. ನಾನು ‘ಕಳ್ಳಗಾಳಿ’ ಎನ್ನುತ್ತೇನೆ. ಹೆಬ್ಬಾಗಿಲಿನಲ್ಲಿ ಲೆಕ್ಕ ಕೊಡದೆ ಹಿತ್ತಿಲಿನಿಂದ ನುಸುಳಿದ ಗಾಳಿ ಅದು.

ಹೆಬ್ಬಾಗಿಲು ಎಂದರೆ ಥ್ರಾಟಲ್. ಏರ್ ಫಿಲ್ಟರ್ ದಾಟಿ ಬಂದ ಗಾಳಿ ಥ್ರಾಟಲ್ ತಟ್ಟೆಯ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಮ್ಯಾನಿಫೋಲ್ಡ್ ಒಂದು ಬುಡದಿಂದ ಕವಲೊಡೆದ ಕೊಳವೆಗಳ ಗೊಂಚಲು. ಪ್ರತಿ ಸಿಲಿಂಡರಿಗೂ ಗಾಳಿ ಹಂಚುವುದು ಅದರ ಕೆಲಸ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ, ತಟ್ಟೆ ಬಹುತೇಕ ಮುಚ್ಚಿರುತ್ತದೆ, ಪಿಸ್ಟನ್‌ಗಳು ಮಾತ್ರ ಒಂದರ ಹಿಂದೊಂದು ಕೆಳಗಿಳಿಯುತ್ತ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 101 ಕಿಲೊಪ್ಯಾಸ್ಕಲ್ ಇರುವಾಗ ಮ್ಯಾನಿಫೋಲ್ಡಿನ ಒಳಗೆ ಸುಮಾರು 30ರಿಂದ 35 ಅಷ್ಟೇ ಉಳಿಯುತ್ತದೆ. ನಾವು ವ್ಯಾಕ್ಯೂಮ್ ಎನ್ನುವುದು ಈ ಕೊರತೆಯನ್ನು. ಅದು ಪೂರ್ತಿ ಶೂನ್ಯವಲ್ಲ.

ಒತ್ತಡದ ವ್ಯತ್ಯಾಸ ಇಷ್ಟು ದೊಡ್ಡದಾದಾಗ ಸಂದಿನಲ್ಲಿ ನುಗ್ಗುವ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ. ಬಾನೆಟ್ ಎತ್ತಿದಾಗ ಕೇಳುವ ಹಾವಿನಂಥ ‘ಸ್‌ಸ್’ ಸದ್ದು ಅದರದ್ದೇ. ಒಂದೂವರೆ ಲೀಟರಿನ ಎಂಜಿನ್ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 2ರಿಂದ 3 ಗ್ರಾಂ ಗಾಳಿ ಉಸಿರಾಡುತ್ತದೆ. 3 ಮಿಲಿಮೀಟರ್ ಅಗಲದ ಒಂದು ತೂತು ಸೆಕೆಂಡಿಗೆ 1 ಗ್ರಾಂಗಿಂತ ಹೆಚ್ಚು ಗಾಳಿಯನ್ನು ಒಳಗೆ ಬಿಡಬಲ್ಲದು. ಮ್ಯಾನಿಫೋಲ್ಡಿನ ಒಂದು ಸಣ್ಣ ನಳಿಗೆಯ ಟೋಪಿ ಬಿದ್ದುಹೋದರೆ ಎಂಜಿನ್ ಏಕೆ ಅಷ್ಟು ಹಾರಾಡುತ್ತದೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಇದೇ ಲೆಕ್ಕ ಇನ್ನೊಂದು ಒಗಟನ್ನೂ ಬಿಡಿಸುತ್ತದೆ. ‘ಆಗುಂಬೆ ಘಾಟಿ ಹತ್ತುವಾಗ ಕಾರು ಚೆನ್ನಾಗಿ ಎಳೆಯುತ್ತದೆ, ಉಡುಪಿಯ ಕಲ್ಸಂಕದ ಸಿಗ್ನಲಿನಲ್ಲಿ ನಿಂತರೆ ಮಾತ್ರ ನಡುಗುತ್ತದೆ’ ಎಂದು ಯಾರಾದರೂ ಹೇಳಿದರೆ ನನ್ನ ಮೊದಲ ಅನುಮಾನ ಕಳ್ಳಗಾಳಿಯ ಮೇಲೆ. ಘಾಟಿ ಏರುವಾಗ ಥ್ರಾಟಲ್ ಅಗಲವಾಗಿ ತೆರೆದಿರುತ್ತದೆ, ಒಳಗೂ ಹೊರಗೂ ಒತ್ತಡ ಬಹುಮಟ್ಟಿಗೆ ಸಮವಾಗಿರುತ್ತದೆ, ಸಂದು ಇದ್ದರೂ ಎಳೆತವಿಲ್ಲ. ಜೊತೆಗೆ ಎಂಜಿನ್ ಆಗ ಹತ್ತಾರು ಗ್ರಾಂ ಗಾಳಿ ನುಂಗುತ್ತಿರುವುದರಿಂದ ಆ ಒಂದು ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ.

ಎಲ್ಲ ಎಂಜಿನ್‌ಗಳೂ ಒಂದೇ ರೀತಿ ದೂರು ಹೇಳುವುದಿಲ್ಲ, ಇದನ್ನು ಗಮನಿಸದೆ ದಾರಿ ತಪ್ಪುವವರು ಬಹಳ. ಕೆಲವು ಕಾರುಗಳಲ್ಲಿ ಫಿಲ್ಟರಿನ ಹಿಂದೆಯೇ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಇದೆ. ಅದನ್ನು ತಪ್ಪಿಸಿ ಬಂದ ಗಾಳಿಗೆ ಪೆಟ್ರೋಲ್ ಸಿಗುವುದಿಲ್ಲ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಹದ ಕೆಟ್ಟು ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಮಿಸ್ ಹೊಡೆಯುತ್ತದೆ, ಸ್ಕ್ಯಾನರಿನಲ್ಲಿ ಮಿಶ್ರಣ ತೆಳು ಎಂದು ಹೇಳುವ ಪಿ0171 ಎಂಬ ಕೋಡ್ ಬರುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಮ್ಯಾನಿಫೋಲ್ಡಿನ ಒತ್ತಡವನ್ನೇ ಅಳೆಯುವ ಎಂಎಪಿ ಸೆನ್ಸರ್ ಇದೆ. ಅಲ್ಲಿ ಕಳ್ಳಗಾಳಿಯೂ ಒತ್ತಡವಾಗಿ ಕಾಣುವುದರಿಂದ ಕಂಪ್ಯೂಟರ್ ಅದಕ್ಕೂ ಪೆಟ್ರೋಲ್ ಹಾಕುತ್ತದೆ. ಎಂಜಿನ್ ನಡುಗದೆ 1500, 1600 ಆರ್‌ಪಿಎಂ ಮೇಲೆ ನಿಂತುಬಿಡುತ್ತದೆ. ಆದರೆ ಸಂದು ಒಂದೇ ಸಿಲಿಂಡರಿನ ಕವಲಿನ ಬಳಿ ಇದ್ದರೆ, ಎಂಎಪಿ ಇದ್ದರೂ ಆ ಸಿಲಿಂಡರ್ ಒಂದೇ ತೆಳು ಮಿಶ್ರಣದಲ್ಲಿ ಒದ್ದಾಡುತ್ತದೆ.

ಕಾರಿನ ಕಂಪನಿಯ ಮ್ಯಾನಿಫೋಲ್ಡ್ ತೆಗೆದು ಬೇರೆಯವರು ಮಾಡಿದ ಹೊರಗಿನ ಮ್ಯಾನಿಫೋಲ್ಡ್ ಕೂರಿಸಿದ ಮೇಲೆ ಈ ತೊಂದರೆ ಏಕೆ ಇಷ್ಟು ಸಾಮಾನ್ಯ? ಕಳೆದ ಮಳೆಗಾಲಕ್ಕೆ ಮುಂಚೆ ಮಣಿಪಾಲದಲ್ಲಿ ಓದುತ್ತಿದ್ದ ನೆರೆಮನೆಯ ಹುಡುಗನೊಬ್ಬ ತನ್ನ ಹಳೆಯ ಪೆಟ್ರೋಲ್ ಕಾರಿಗೆ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ತರಿಸಿ ತಾನೇ ಜೋಡಿಸಿದ್ದ. ಐಡ್ಲಿಂಗ್ 1600ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ‘ಮಾವ, ಹೊಸ ಗ್ಯಾಸ್ಕೆಟ್ ಹಾಕಿದ್ದೇನೆ, ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿದ್ದೇನೆ’ ಎಂದ. ಗ್ಯಾಸ್ಕೆಟ್ ಎಂದರೆ ಎರಡು ಮುಖಗಳ ನಡುವೆ ಸಂದು ಮುಚ್ಚಲು ಇಡುವ ತೆಳು ಪದರ; ಟಾರ್ಕ್ ರೆಂಚ್ ಎಂದರೆ ಹೇಳಿದಷ್ಟು ಬಿಗಿ ಬಂದೊಡನೆ ಟಿಕ್ ಎನ್ನುವ ಪಾನಾ. ಅವನು ಹೇಳಿದ್ದು ಸುಳ್ಳಲ್ಲ. ರೆಂಚ್ ಟಿಕ್ ಎಂದದ್ದೂ ನಿಜ. ಗಿಡಕ್ಕೆ ಔಷಧಿ ಹೊಡೆಯುವ ಸಣ್ಣ ಬಾಟಲಿಯಲ್ಲಿ ನೀರು ತುಂಬಿಸಿ, ಎಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡ್ ಎಂಜಿನ್ನಿನ ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ) ಕೂರುವ ಗೆರೆಯುದ್ದಕ್ಕೂ ಸಿಂಪಡಿಸುತ್ತ ಹೋದೆವು. ಮೂರನೆಯ ಸಿಲಿಂಡರಿನ ಕೆಳಬದಿಗೆ ನೀರು ತಾಗಿದೊಡನೆ ‘ಸ್‌ಸ್’ ಎಂಬ ಸದ್ದು ‘ಸೊರ್’ ಎಂದು ಬದಲಾಯಿತು, ಟ್ಯಾಕೋಮೀಟರಿನ ಮುಳ್ಳು ಒಂದು ಕ್ಷಣ ಕುಸಿದು ಮತ್ತೆ ಎದ್ದಿತು. ನೀರು ಆ ಕ್ಷಣಕ್ಕೆ ಸಂದನ್ನು ಮುಚ್ಚಿತ್ತು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಅಲ್ಲಿಗೆ ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಹಿಡಿದರೆ 0.10 ಮಿಲಿಮೀಟರಿನ ಎಲೆ ಸಲೀಸಾಗಿ ಒಳಗೆ ಹೋಯಿತು.

ಕಾರಣ ನಟ್ಟಿನಲ್ಲಿತ್ತು. ಹೊಸ ಮ್ಯಾನಿಫೋಲ್ಡಿನ ಫ್ಲ್ಯಾಂಜ್, ಅಂದರೆ ಹೆಡ್ಡಿಗೆ ತಾಗುವ ಚಪ್ಪಟೆ ಅಂಚು, ಹಳೆಯದಕ್ಕಿಂತ ತೆಳ್ಳಗಿತ್ತು. ಹೆಡ್ಡಿನಿಂದ ಹೊರಚಾಚಿದ ಸ್ಟಡ್ಡಿನಲ್ಲಿ ಮರೆ (ತಿರುಪಿನ ಸುರುಳಿ ಗೆರೆ) ಮುಗಿಯುವಲ್ಲಿಗೆ ಬಂದು ನಟ್ಟು ನಿಂತುಬಿಟ್ಟಿತ್ತು, ರೆಂಚ್ ಅದನ್ನೇ ಬಿಗಿ ಎಂದು ಎಣಿಸಿತ್ತು. ಗ್ಯಾಸ್ಕೆಟಿನ ಮೇಲೆ ಒತ್ತಡವೇ ಬಿದ್ದಿರಲಿಲ್ಲ. ದಪ್ಪ ಉಕ್ಕಿನ ವಾಷರ್ ಹಾಕಿ, ನಡುವಿನಿಂದ ಎರಡು ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿ ಮಾಡಿದ ಮೇಲೆ ಮುಳ್ಳು 850ಕ್ಕೆ ಬಂದು ನಿಂತಿತು. ಟಾರ್ಕ್ ರೆಂಚನ್ನು ನಂಬುವ ಮೊದಲು ನಟ್ಟು ಯಾವುದಕ್ಕೆ ತಾಗಿ ನಿಂತಿದೆ ಎಂದು ನೋಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಅಲ್ಲಿ ಸಿಗದಿದ್ದರೆ ಮತ್ತೆಲ್ಲಿ ನೋಡಬೇಕು? ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕೆಳಗಿನ ಓ-ರಿಂಗ್‌ಗಳು, ಅಂದರೆ ರಬ್ಬರ್ ಬಳೆಗಳು, ಒಣಗಿದಂತೆಯೇ ಒತ್ತಿ ಕೂರಿಸಿದರೆ ಮಡಚಿ ಹರಿಯುತ್ತವೆ; ಒಂದು ಹನಿ ಆಯಿಲ್ ಸವರಿದ್ದರೆ ಆ ಗತಿ ಬರುವುದಿಲ್ಲ. ಹೊರಗಿನ ಮ್ಯಾನಿಫೋಲ್ಡಿನಲ್ಲಿ ನಮ್ಮ ಎಂಜಿನ್ನಿಗೆ ಬೇಡದ ನಳಿಗೆಗಳೂ ಇರುತ್ತವೆ, ಅವಕ್ಕೆ ಹಾಕಿದ ರಬ್ಬರ್ ಟೋಪಿ ಎಂಜಿನ್ನಿನ ಶಾಖಕ್ಕೆ ಕೆಲವೇ ತಿಂಗಳಲ್ಲಿ ಬಿರಿಯಬಹುದು. ಎಂಜಿನ್ನಿನ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ಹೋಸು, ಥ್ರಾಟಲ್ ಬಾಡಿಯ ಗ್ಯಾಸ್ಕೆಟ್, ಪೆಟ್ರೋಲ್ ಪ್ರೆಶರ್ ರೆಗ್ಯುಲೇಟರಿಗೆ ಹೋಗುವ ಸಣ್ಣ ಹೋಸು ಇವೂ ಅನುಮಾನಿತರೇ. ಕರಾವಳಿಯ ಉಪ್ಪುಗಾಳಿಯಲ್ಲಿ ಹೆಡ್ಡಿನ ಅಲ್ಯೂಮಿನಿಯಂ ಮುಖ ಬಿಳಿ ಹಿಟ್ಟು ಹಿಡಿದು ಗುಳಿ ಬಿದ್ದಿರುವುದೂ ಉಂಟು. ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಉಳಿಯಲ್ಲಿ ಕೆರೆದು ತೆಗೆಯುವಾಗ ನಾವೇ ಗೀರು ಮಾಡಿರುವುದು ಅದಕ್ಕಿಂತ ಹೆಚ್ಚು. ಅಂಥ ಕಡೆ ಸಿಲಿಕೋನ್ ಗಮ್ ಬಳಿದು ಮುಗಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಪೆಟ್ರೋಲ್ ತಾಗುವ ಜಾಗದಲ್ಲಿ ಸಾಮಾನ್ಯ ಸಿಲಿಕೋನ್ ಉಬ್ಬಿ ಮೆತ್ತಗಾಗಿ ಕಿತ್ತುಬರುತ್ತದೆ, ಆ ಚೂರು ಒಳಕ್ಕೇ ಹೋಗುತ್ತದೆ. ಮುಖವನ್ನು ಮಟ್ಟ ಮಾಡಿಸುವುದೇ ಸರಿಯಾದ ದಾರಿ.

ಹುಡುಕುವ ವಿಧಾನಗಳಲ್ಲಿ ಅತ್ಯುತ್ತಮ ಹೊಗೆ ಪರೀಕ್ಷೆ. ಎಂಜಿನ್ ಆರಿಸಿ, ಯಂತ್ರದಿಂದ 1 ಪಿಎಸ್‌ಐ ಒಳಗಿನ ಸಣ್ಣ ಒತ್ತಡದಲ್ಲಿ ಮ್ಯಾನಿಫೋಲ್ಡಿಗೆ ಹೊಗೆ ತುಂಬಿಸುತ್ತಾರೆ. ಸಂದು ಇರುವಲ್ಲಿ ಹೊಗೆ ಎಳೆಯಾಗಿ ಏಳುತ್ತದೆ. ಒಳಕ್ಕೆ ಸೋರುವುದನ್ನು ಹೊರಕ್ಕೆ ಸೋರುವಂತೆ ಮಾಡಿ ಕಣ್ಣಿಗೆ ತೋರಿಸುವ ಉಪಾಯ ಇದು. ಹೋಸುಗಳ ಮೇಲೆ ಅನುಮಾನವಿದ್ದರೆ ಒಂದೊಂದನ್ನೇ ಇಕ್ಕಳದಲ್ಲಿ ಮೃದುವಾಗಿ ಒತ್ತಿ ಹಿಡಿದು ಐಡ್ಲಿಂಗ್ ಬದಲಾಗುತ್ತದೆಯೇ ನೋಡಬಹುದು. ಎಂಎಎಫ್ ಇರುವ ಕಾರಿನಲ್ಲಿ ಸ್ಕ್ಯಾನರಿನ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ) ಐಡ್ಲಿಂಗ್‌ನಲ್ಲಿ ಶೇಕಡಾ 20ರಷ್ಟು ಹೆಚ್ಚಿದ್ದು, 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ಅದು ಕಳ್ಳಗಾಳಿಯ ಗುರುತು. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ನೋಡುವವರು ಬಹಳ ಮಂದಿ. ಅದು ಕೆಲಸ ಮಾಡುತ್ತದೆ, ಆದರೆ ಅದು ಬೆಂಕಿ ಹಿಡಿಯುವ ವಸ್ತು, ಪಕ್ಕದಲ್ಲೇ ಎಕ್ಸಾಸ್ಟ್ ಕಾದು ಕೆಂಡವಾಗಿರುತ್ತದೆ. ಊದುಬತ್ತಿ ಹಚ್ಚಿ ಸಂದಿನ ಹತ್ತಿರ ಹಿಡಿಯುವುದು ಬೇಡವೇ ಬೇಡ.

ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡವರಿಗೆ ಒಂದು ಮಾತು. ಮಂಗಳೂರಿನಲ್ಲಿ ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿ ಪಾದರಸದ 17ರಿಂದ 21 ಇಂಚು ಕೊರತೆ ತೋರಿಸುತ್ತದೆ. ಅದೇ ಕಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 3 ಇಂಚು ಕಡಿಮೆ ತೋರಿಸುತ್ತದೆ, ಏಕೆಂದರೆ ಅಲ್ಲಿ ಹೊರಗಿನ ಒತ್ತಡವೇ ಕಡಿಮೆ. ಘಟ್ಟದ ಮೇಲಿನವರು ಹೇಳಿದ ಅಂಕಿಯನ್ನು ಇಲ್ಲಿ ಸರಿ ಎಂದುಕೊಂಡರೆ ಇರುವ ಲೀಕನ್ನೇ ಕಾಣದೆ ಬಿಡುತ್ತೇವೆ.

ಒಂದು ಹೋಸನ್ನು ಮಾತ್ರ ನಾಳೆಗೆ ಬಿಡಬಾರದು: ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪನೆಯದು. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಪೆಡಲು ಮೆತ್ತಗೆ ಕೆಳಗಿಳಿಯುವುದು ಮ್ಯಾನಿಫೋಲ್ಡಿನ ವ್ಯಾಕ್ಯೂಮಿನ ಬಲದಿಂದ. ಆ ಹೋಸು ಸಡಿಲವಾಗಿ ಕಳಚಿದರೆ ಪೆಡಲು ಕಲ್ಲಿನಂತಾಗುತ್ತದೆ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಇಳಿಯುವ ಹಿಮ್ಮುರಿ ತಿರುವುಗಳಲ್ಲಿ ಅದು ಗೊತ್ತಾಗುವುದಕ್ಕಿಂತ ಮನೆಯಂಗಳದಲ್ಲಿ ಗೊತ್ತಾಗಲಿ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ; ಪೆಡಲು ಕಾಲಡಿಯಲ್ಲಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಕಾರು ಹೊರಡಿಸಬೇಡಿ.

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಎಂಜಿನ್ನಿನಲ್ಲಿ ಕಥೆ ಅರ್ಧ ತಿರುಗುತ್ತದೆ: ಐಡ್ಲಿಂಗ್‌ನಲ್ಲಿ ಅದೇ ಸಂದು ಗಾಳಿ ಎಳೆಯುತ್ತದೆ, ಬೂಸ್ಟ್ ಬಂದಾಗ, ಅಂದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದಾಗ, ಗಾಳಿಯನ್ನು ಹೊರಗೆ ಉಗುಳುತ್ತದೆ. ಆಗ ಅದಕ್ಕೆ ಬೂಸ್ಟ್ ಲೀಕ್ ಎಂದು ಬೇರೆ ಹೆಸರು.

ಆ ಹುಡುಗನ ಕಾರು ಒಂದು ತಿಂಗಳ ನಂತರ ಮತ್ತೆ ಬಂತು. ಈ ಸಲ ದೂರು ಬೆಳಿಗ್ಗೆಯ ಮೊದಲ ಸ್ಟಾರ್ಟಿನಲ್ಲಿ ಮಾತ್ರ. ಎಂಜಿನ್ ಬಿಸಿಯಾದರೆ ಸದ್ದಿಲ್ಲ. ಕಾದು ಆರಿ, ಕಾದು ಆರಿ ಹೊಸ ಗ್ಯಾಸ್ಕೆಟ್ ಕೂತು ತೆಳ್ಳಗಾಗಿತ್ತು. ರಾತ್ರಿಯಿಡೀ ತಣ್ಣಗೆ ನಿಂತಿದ್ದ ಎಂಜಿನ್ನಿನ ಮೇಲೆ ಒಂದೊಂದೇ ನಟ್ಟನ್ನು ಅದೇ ಟಾರ್ಕಿಗೆ ಮತ್ತೆ ನೋಡಿದೆವು. ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವು.