ಪಾಯಿಂಟ್ಸ್‌ನಲ್ಲಿ ನಾನೇ ಮುಂದೆ, ಆದರೂ ವಾರವಾರ ಸೋಲೋದು ಯಾಕೆ?

ಪ್ರಶ್ನೆ: ಗೆಳೆಯರ ಜೊತೆ ಎನ್‌ಬಿಎ ಫ್ಯಾಂಟಸಿ ಲೀಗ್ ಆಡ್ತಿದ್ದೀನಿ. ಅಮೆರಿಕದ ಆ ಬ್ಯಾಸ್ಕೆಟ್‌ಬಾಲ್ ಲೀಗಿನ ಆಟಗಾರರನ್ನು ಆರಿಸಿ ತಂಡ ಕಟ್ಟೋದು, ಅವರ ನಿಜವಾದ ಪಂದ್ಯಗಳ ಅಂಕಿಅಂಶದ ಮೇಲೆ ವಾರಕ್ಕೊಬ್ಬ ಎದುರಾಳಿ ಜೊತೆ ಸ್ಪರ್ಧೆ. 12 ತಂಡ, ಒಂಬತ್ತು ಕೆಟಗರಿ. ಸ್ಟಾರ್ ಆಟಗಾರರಾದ ಯಾನಿಸ್ ಅಂಟೆಟೊಕುಂಪೊ, ಟ್ರೇ ಯಂಗ್ ಇಬ್ಬರೂ ನನ್ನ ತಂಡದಲ್ಲೇ ಇದ್ದಾರೆ. ಪಾಯಿಂಟ್ಸ್‌ನಲ್ಲಿ ನನ್ನನ್ನು ಹಿಡಿಯೋರಿಲ್ಲ. ಆದ್ರೂ 4–5, 3–6 ಅಂತ ಸೋಲ್ತಾನೇ ಇದ್ದೀನಿ. ನನ್ನ ತಂಡದ ಬಲ ಎಲ್ಲಿದೆ, ದೌರ್ಬಲ್ಯ ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ಈ ಪ್ರಶ್ನೆ ನನಗೆ ತುಂಬಾ ಜನರಿಂದ ಬರುತ್ತದೆ. ಅವರಲ್ಲಿ ಹೆಚ್ಚಿನವರು ಕ್ರಿಕೆಟ್ ಫ್ಯಾಂಟಸಿ ಆಡಿ ಬಂದವರು. ಅಲ್ಲಿ ಹನ್ನೊಂದು ಜನರ ಅಂಕ ಕೂಡಿಸಿದರೆ ಮುಗಿಯಿತು. ದೊಡ್ಡ ಹೆಸರು ಇದ್ದಷ್ಟೂ ಒಳ್ಳೆಯದು. ಒಂಬತ್ತು ಕೆಟಗರಿಯ ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ಇದು ಚುನಾವಣೆ ಇದ್ದ ಹಾಗೆ. ಒಂದು ಕ್ಷೇತ್ರದಲ್ಲಿ ಲಕ್ಷ ಓಟಿನಿಂದ ಗೆದ್ದರೂ ಪಕ್ಕದ ಕ್ಷೇತ್ರಕ್ಕೆ ಅದರಿಂದ ಏನೂ ಸಿಗುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಓಟಿನಿಂದ ಗೆದ್ದವರೂ ಪೂರ್ತಿ ಶಾಸಕರೇ ಆದರು. ಇಲ್ಲೂ ಅಷ್ಟೇ, ಒಂಬತ್ತರಲ್ಲಿ ಐದು ಗೆದ್ದರೆ ವಾರ ನಿಮ್ಮದು. ಪಾಯಿಂಟ್ಸ್‌ನಲ್ಲಿ 120ರ ಅಂತರದಿಂದ ಗೆದ್ದರೂ ಒಂದೇ, 1ರಿಂದ ಗೆದ್ದರೂ ಒಂದೇ.

ಆ ಒಂಬತ್ತು ಯಾವುವು ಅಂತ ಒಮ್ಮೆ ಹೇಳಿಬಿಡುತ್ತೇನೆ: ಪಾಯಿಂಟ್ಸ್, ರೀಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯುವುದು), ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಡುವ ಪಾಸ್), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು), ತ್ರೀ ಪಾಯಿಂಟರ್ (ದೂರದಿಂದ ಹಾಕುವ ಮೂರು ಪಾಯಿಂಟಿನ ಬುಟ್ಟಿ), ಫೀಲ್ಡ್ ಗೋಲ್ (ಆಟದ ನಡುವಿನ ಎಸೆತ) ಶೇಕಡಾವಾರು, ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ) ಶೇಕಡಾವಾರು, ಟರ್ನೋವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು). ಕೊನೆಯದರಲ್ಲಿ ಮಾತ್ರ ಕಡಿಮೆ ಇದ್ದವರು ಗೆಲ್ಲುತ್ತಾರೆ.

ಈಗ ನಿಮ್ಮ ಇಬ್ಬರು ಸ್ಟಾರ್‌ಗಳನ್ನೇ ನೋಡೋಣ. 2024-25ರ ಲೆಕ್ಕ ತೆಗೆದುಕೊಳ್ಳಿ. ಯಾನಿಸ್ ಪಂದ್ಯಕ್ಕೆ ಸರಾಸರಿ 30 ಪಾಯಿಂಟ್ ದಾಟಿದರು. ಫೀಲ್ಡ್ ಗೋಲ್ ಶೇ. 60, ಫ್ರೀ ಥ್ರೋ ಶೇ. 62ರಷ್ಟು. ಟ್ರೇ ಯಂಗ್ ಪಂದ್ಯಕ್ಕೆ 24 ಪಾಯಿಂಟ್, 11.6 ಅಸಿಸ್ಟ್ ಕೊಟ್ಟರು. ಅಸಿಸ್ಟ್‌ನಲ್ಲಿ ಇಡೀ ಲೀಗಿಗೇ ಮೊದಲು. ಆದರೆ ಅವರ ಫೀಲ್ಡ್ ಗೋಲ್ ಶೇ. 41, ಫ್ರೀ ಥ್ರೋ ಶೇ. 87ರ ಆಸುಪಾಸು, ಟರ್ನೋವರ್ ಪಂದ್ಯಕ್ಕೆ 4ಕ್ಕಿಂತ ಜಾಸ್ತಿ.

ಗಮನಿಸಿದಿರಾ? ಯಾನಿಸ್ ಫೀಲ್ಡ್ ಗೋಲ್‌ನಲ್ಲಿ ಕಟ್ಟಿದ್ದನ್ನು ಟ್ರೇ ಕೆಡವುತ್ತಾರೆ. ಟ್ರೇ ಫ್ರೀ ಥ್ರೋದಲ್ಲಿ ಕಟ್ಟಿದ್ದನ್ನು ಯಾನಿಸ್ ಕೆಡವುತ್ತಾರೆ. ಎರಡು ಎತ್ತು ಎರಡು ದಿಕ್ಕಿಗೆ ನೊಗ ಎಳೆದ ಹಾಗೆ. ಇಬ್ಬರೂ ಸೇರುವುದು ಪಾಯಿಂಟ್ಸ್‌ನಲ್ಲೇ ಹೆಚ್ಚು, ಅದನ್ನು ನೀವು ಹೇಗಿದ್ದರೂ ಗೆಲ್ಲುತ್ತಿದ್ದೀರಿ. ನಾನೂ ಮೊದಲ ಸೀಸನ್‌ನಲ್ಲಿ ಹೀಗೇ ಸ್ಕೋರರ್‌ಗಳನ್ನು ಮಾತ್ರ ಸೇರಿಸಿಕೊಂಡಿದ್ದೆ. ಒಬ್ಬೊಬ್ಬರೂ ಒಳ್ಳೆಯ ಆಟಗಾರರೇ, ತಂಡವಾಗಿ ಮಾತ್ರ ಕೂಡಿಬರಲಿಲ್ಲ.

ಶೇಕಡಾವಾರು ಕೆಟಗರಿಯಲ್ಲಿ ಜನ ಇನ್ನೊಂದು ತಪ್ಪು ಮಾಡುತ್ತಾರೆ. ಬರೀ ಶೇಕಡಾ ನೋಡುತ್ತಾರೆ, ಎಷ್ಟು ಸಲ ಎಸೆದರು ಅನ್ನುವುದನ್ನು ನೋಡುವುದಿಲ್ಲ. ಒಂದು ಲೆಕ್ಕ ಹಾಕೋಣ. ಉಳಿದವರೆಲ್ಲ ಸೇರಿ ವಾರಕ್ಕೆ 100 ಫ್ರೀ ಥ್ರೋ ಎಸೆದು 82 ಹಾಕಿದರು ಅಂದುಕೊಳ್ಳಿ. ಯಾನಿಸ್ ಪಂದ್ಯಕ್ಕೆ ಸುಮಾರು 10 ಎಸೆಯುತ್ತಾರೆ. ನಾಲ್ಕು ಪಂದ್ಯಕ್ಕೆ 40, ಅದರಲ್ಲಿ 25 ಬಿತ್ತು. ಒಟ್ಟು 140ಕ್ಕೆ 107, ಅಂದರೆ ಶೇ. 76. ಒಬ್ಬರಿಂದಲೇ ಸುಮಾರು ಆರು ಶೇಕಡಾ ಅಂಕ ಇಳಿಯಿತು! ಅದೇ ಡೈಸನ್ ಡೇನಿಯಲ್ಸ್ ಅವರನ್ನು ನೋಡಿ. 2024-25ರಲ್ಲಿ ಅವರ ಫ್ರೀ ಥ್ರೋ ಶೇ. 60ನ್ನೂ ಮುಟ್ಟಲಿಲ್ಲ. ಆದರೆ ಅವರು ಎಸೆಯುವುದೇ ಪಂದ್ಯಕ್ಕೆ ಎರಡರಷ್ಟು. ವಾರಕ್ಕೆ 8ರಲ್ಲಿ 5 ಹಾಕಿದರೂ ತಂಡ ಶೇ. 80ರ ಮೇಲೇ ಇರುತ್ತದೆ. ಅದಕ್ಕೆ ಬದಲಾಗಿ ಪಂದ್ಯಕ್ಕೆ 3 ಸ್ಟೀಲ್ ಕೊಟ್ಟರು, ಲೀಗಿನಲ್ಲೇ ಹೆಚ್ಚು.

ಸ್ಟೀಲ್, ಬ್ಲಾಕ್‌ಗಳ ಬೆಲೆ ಇಲ್ಲೇ ಇದೆ. ಹತ್ತು ಜನ ಆಡುವ ತಂಡದಲ್ಲಿ ವಾರಕ್ಕೆ ಸುಮಾರು 35 ಪಂದ್ಯ ಸಿಗುತ್ತವೆ. ಪಾಯಿಂಟ್ಸ್ 600ರ ಹತ್ತಿರ ಹೋಗುತ್ತದೆ, ಬ್ಲಾಕ್ 25 ಬಂದರೆ ಹೆಚ್ಚು. 600ರಲ್ಲಿ 10 ಏನೂ ಅಲ್ಲ. 25ರಲ್ಲಿ 10 ಬಂದರೆ ಕೆಟಗರಿಯೇ ಬದಲಾಗುತ್ತದೆ. 2024-25ರಲ್ಲಿ ವಿಕ್ಟರ್ ವೆಂಬನ್ಯಾಮ ಪಂದ್ಯಕ್ಕೆ 3.8 ಬ್ಲಾಕ್ ಮಾಡುವಾಗ ಎದುರಾಳಿ ಆ ಕೆಟಗರಿಯನ್ನು ವಾರದ ಆರಂಭದಲ್ಲೇ ಬಿಟ್ಟುಬಿಡುತ್ತಿದ್ದುದು ಇದಕ್ಕೇ.

ಹಾಗಾದರೆ ಅಳೆಯುವುದು ಹೇಗೆ? ಒಂದು ಹಾಳೆ ತೆಗೆದುಕೊಳ್ಳಿ. ಒಂಬತ್ತು ಕೆಟಗರಿ ಬರೆಯಿರಿ. ಕಳೆದ ನಾಲ್ಕೈದು ವಾರಗಳ ಒಟ್ಟು ಲೆಕ್ಕದಲ್ಲಿ, 12 ತಂಡಗಳ ಪೈಕಿ ಪ್ರತಿಯೊಂದರಲ್ಲೂ ನೀವು ಎಷ್ಟನೇ ಸ್ಥಾನ ಅಂತ ಗುರುತು ಹಾಕಿ. ಗೆದ್ದ ಸೋತ ಲೆಕ್ಕ ಸಾಲದು, ಯಾಕೆಂದರೆ ಆ ವಾರ ಎದುರಾಳಿ ಯಾರಿದ್ದರು ಅನ್ನುವುದೂ ಅದರಲ್ಲಿ ಸೇರಿಕೊಂಡಿರುತ್ತದೆ. ಒಂದರಿಂದ ನಾಲ್ಕು ನಿಮ್ಮ ಬಲ. ಒಂಬತ್ತರಿಂದ ಹನ್ನೆರಡು ದೌರ್ಬಲ್ಯ. ಎಲ್ಲರೂ ಓಡಿಹೋಗಿ ದೌರ್ಬಲ್ಯ ಸರಿಮಾಡಲು ಹೊರಡುತ್ತಾರೆ. ನನ್ನ ಮಾತು ಕೇಳಿ, ಕಣ್ಣು ಐದರಿಂದ ಎಂಟರ ಮೇಲಿರಲಿ. ಹನ್ನೆರಡನೇ ಸ್ಥಾನದಿಂದ ಹತ್ತಕ್ಕೆ ಬಂದರೆ ಹೆಚ್ಚಿನ ವಾರ ಸೋಲೇ. ಏಳರಿಂದ ನಾಲ್ಕಕ್ಕೆ ಬಂದರೆ ಆ ಕೆಟಗರಿ ನಿಮ್ಮದಾಗಲು ಶುರುವಾಗುತ್ತದೆ.

ತೀರಾ ಹಿಂದಿರುವ ಒಂದೆರಡನ್ನು ಬೇಕಂತಲೇ ಕೈಬಿಡುವುದಕ್ಕೆ ಆಟಗಾರರು ಪಂಟ್ ಮಾಡೋದು ಅಂತಾರೆ. ಯಾನಿಸ್ ಇರುವ ತಂಡ ಫ್ರೀ ಥ್ರೋ ಬಿಡುವುದು ತೀರಾ ಸಹಜ. ಅವರು ತ್ರೀ ಪಾಯಿಂಟರ್ ಕೂಡ ಅಪರೂಪಕ್ಕೆ ಹಾಕುತ್ತಾರೆ, ಆದ್ದರಿಂದ ಅದನ್ನೂ ಬಿಡಬಹುದು. ಹೀಗೆ ಮಾಡಿದ ಕೂಡಲೇ ಬೇರೆಯವರಿಗೆ ಬೇಡವಾದ ಆಟಗಾರರು ನಿಮಗೆ ಬಂಗಾರವಾಗುತ್ತಾರೆ. ರೂಡಿ ಗೋಬೇರ್ ಥರದ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಅವರಲ್ಲೊಬ್ಬರು. ಫ್ರೀ ಥ್ರೋ ಸುಮಾರು, ತ್ರೀ ಇಲ್ಲವೇ ಇಲ್ಲ. ಆದರೆ ಫೀಲ್ಡ್ ಗೋಲ್, ರೀಬೌಂಡ್, ಬ್ಲಾಕ್ ಮೂರೂ ಒಟ್ಟಿಗೆ ಬರುತ್ತವೆ, ಟರ್ನೋವರ್ ಕೂಡ ಕಡಿಮೆ. ಆದರೆ ಮೂರಕ್ಕಿಂತ ಜಾಸ್ತಿ ಕೆಟಗರಿ ಬಿಡಬೇಡಿ. ನಾಲ್ಕು ಬಿಟ್ಟರೆ ಉಳಿದ ಐದನ್ನೂ ಪ್ರತಿ ವಾರ ಗೆಲ್ಲಬೇಕಾಗುತ್ತದೆ, ಒಂದು ಮೊಣಕಾಲು ಉಳುಕಿದರೂ ಸಾಕು, ವಾರ ಕೈತಪ್ಪುತ್ತದೆ.

ಆಟಗಾರರ ಗುಣದಷ್ಟೇ ಮುಖ್ಯ ಅವರು ವಾರಕ್ಕೆ ಎಷ್ಟು ದಿನ ಆಡುತ್ತಾರೆ ಅನ್ನುವುದು. ಸಾಮಾನ್ಯವಾಗಿ ಎನ್‌ಬಿಎ ತಂಡಕ್ಕೆ ವಾರಕ್ಕೆ ಎರಡರಿಂದ ನಾಲ್ಕು ಪಂದ್ಯ. ನಾಲ್ಕು ಪಂದ್ಯ ಆಡುವ 15 ಪಾಯಿಂಟಿನ ಹುಡುಗ 60 ಕೊಡುತ್ತಾನೆ, ಎರಡೇ ಪಂದ್ಯ ಇರುವ 27 ಪಾಯಿಂಟಿನ ಸ್ಟಾರ್ ಕೊಡುವುದು 54. ಬುಧವಾರ, ಶುಕ್ರವಾರ ಅಲ್ಲಿ ಪಂದ್ಯಗಳು ಜಾಸ್ತಿ, ಆ ದಿನ ಆಡಿಸುವ ಜಾಗ ತುಂಬಿ ನಿಮ್ಮ ಬೆಂಚಿನಲ್ಲೂ ಒಳ್ಳೆಯವರು ಸುಮ್ನೆ ಕೂತಿರುತ್ತಾರೆ. ಹಾಗಾಗಿ ಕೊನೆಯ ಒಂದೆರಡು ಜಾಗಕ್ಕೆ ಪಂದ್ಯ ಕಡಿಮೆ ಇರುವ ದಿನ ಆಡುವವರನ್ನು ಹುಡುಕಿ. ಗಾಯದ ಅಪಾಯವನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರ ಫೆಬ್ರವರಿಯಲ್ಲಿ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ ವೆಂಬನ್ಯಾಮ ಆ ಸೀಸನ್ ನಿಲ್ಲಿಸಬೇಕಾಯಿತು. ಆಡಿದ್ದು 82ರಲ್ಲಿ 46 ಪಂದ್ಯ. ಬ್ಲಾಕ್‌ಗೆ ಅವರೊಬ್ಬರನ್ನೇ ನಂಬಿದವರಿಗೆ ಫ್ಯಾಂಟಸಿ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಸುತ್ತು) ಹೊತ್ತಿಗೆ ಕೈ ಖಾಲಿ.

ನಿಮ್ಮ ತಂಡಕ್ಕೆ ನನ್ನ ಸಲಹೆ ಇದು. ಯಾನಿಸ್ ಅವರನ್ನು ಇಟ್ಟುಕೊಳ್ಳಿ. ಅಸಿಸ್ಟ್ ಬೇಕಾದವರು, ಫ್ರೀ ಥ್ರೋ ಚೆನ್ನಾಗಿರುವವರು ನಿಮ್ಮ ಲೀಗಿನಲ್ಲಿ ಯಾರಿದ್ದಾರೆ ನೋಡಿ, ಅಂಥವರ ತಂಡಕ್ಕೆ ಟ್ರೇ ಯಂಗ್ ಹೇಳಿ ಮಾಡಿಸಿದ ಹಾಗಿರುತ್ತಾರೆ. ಬದಲಿಗೆ ಒಬ್ಬ ಒಳ್ಳೆಯ ಸೆಂಟರ್ ಮತ್ತು ಸ್ಟೀಲ್ ಕೊಡುವ ಒಬ್ಬ ಗಾರ್ಡ್ (ಬುಟ್ಟಿಯಿಂದ ದೂರ, ಹೊರಗಡೆ ಆಡುವ ಆಟಗಾರ) ಕೇಳಿ. ಪಾಯಿಂಟ್ಸ್‌ನಲ್ಲಿ ನಿಮ್ಮ ಅಂತರ ಕಡಿಮೆಯಾಗುತ್ತದೆ, ಅದಕ್ಕೆ ಹೆದರಬೇಡಿ. ಫೀಲ್ಡ್ ಗೋಲ್, ರೀಬೌಂಡ್, ಬ್ಲಾಕ್, ಸ್ಟೀಲ್ ನಿಮ್ಮ ಕಡೆ ವಾಲಿದರೆ, ಪಾಯಿಂಟ್ಸ್ ಸೇರಿ ಐದಾಯಿತು. ಈ ಅದಲುಬದಲು, ಅಂದರೆ ಟ್ರೇಡ್, ಒಪ್ಪುವ ಮೊದಲು ಹಳೆಯ ಹಾಳೆಯ ಪಕ್ಕದಲ್ಲೇ ಹೊಸ ತಂಡದ ಒಂಬತ್ತು ಸ್ಥಾನಗಳನ್ನೂ ಅಂದಾಜು ಮಾಡಿ ಬರೆಯಿರಿ.

ಇನ್ನೊಂದು ಮಾತು, ಭಾರತದಲ್ಲಿ ಕೂತು ಆಡುವವರಿಗೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಸಂಜೆ 7 ಅಂದರೆ ನಮಗೆ ಬೆಳಗಿನ 5:30. ಯಾರು ಆಡುತ್ತಿಲ್ಲ ಅನ್ನುವ ಕೊನೆಯ ಸುದ್ದಿ ಬರುವುದು ನಾವು ಮಲಗಿರುವಾಗ. ರಾತ್ರಿ ಒಮ್ಮೆ ತಂಡ ಜೋಡಿಸಿಡಿ, 5:15ಕ್ಕೆ ಅಲಾರಂ ಇಟ್ಟು ಇನ್ನೊಮ್ಮೆ ನೋಡಿ.